ಕುಡುಕನ ಪಾತ್ರ

ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕತಂಗಿಯರ ಮಾತು ಟೀಚರಮ್ಮನ ಕಿವಿಗೆ ತಾನಾಗಿಯೇ ಬಿತ್ತು.

"ಕುಡುಕರಿಗೆ ಬುದ್ಧಿ ಹೇಳಿ ಕುಡಿತ ಬಿಡಿಸೋ ತರಬೇತಿ ಹೇಗಿದೆ ಅಕ್ಕಾ?"

"ಸಾಕಾಗಿದೆ ಕಣೇ. ಇವತ್ತು ನನ್ನನ್ನೇ ಕುಡುಕನ ಪಾತ್ರಕ್ಕೆ ಕೂರಿಸಿ, ಜೊತೆಯವರ ಕೈಲಿ ಬುದ್ಧಿ ಹೇಳಿಸಿದ್ರು."

"ಭಾವನ್ನ ನೋಡಿ ನೋಡಿ ನಿಂಗೆ ಬಾಯಿಪಾಠ ಆಗಿರುತ್ತೆ ಬಿಡು."

"ಹೂಂ, ಅವರ ಮಾತೇ ಬಂತು. 'ಮಕ್ಕಳಾಣೆ, ನಾಳೆಯಿಂದ ಮುಟ್ಟಲ್ಲ' ಅಂದೆ."

"ಎಲ್ರೂ ನಕ್ಕಿರ್ಬೇಕು."

"ನಕ್ರು. ನಂಗೆ ಅಳು ಬಂತು. ಆ ಗಳಿಗೇಲಿ ನಾನು ನಿಜವಾಗ್ಲೂ ಬಿಡ್ತೀನಿ ಅಂದ್ಕೊಂಡೇ ಹೇಳಿದ್ದೆ ಕಣೇ. ಅವರೂ ಹಾಗೇ ಹೇಳ್ತಿದ್ರೋ ಏನೋ."

"ಅಂದ್ರೆ, ಇವತ್ತು ಭಾವ ಆಣೆ ಹಾಕಿದ್ರೆ ನಂಬ್ತೀಯಾ?"

"ನಂಬೋ ಶಕ್ತಿ ಎಲ್ಲಿದೆ? ಆದ್ರೆ ಇನ್ಮೇಲೆ ಅವರ ಮಾತು ಮುಗಿಯೋ ಮುಂಚೆ ಎದ್ದು ಹೋಗಲ್ಲ."

ಸ್ಟಾಪು ಬಂತು. ಅಕ್ಕ ಕಂಬಿ ಹಿಡಿದು ನಿಧಾನವಾಗಿ ಎದ್ದಳು. ಹಿಂದಿನ ಸೀಟಿನಿಂದ ಓಡಾಡೋ ದಾರಿಗೆ ಚಾಚಿದ್ದ ಕಾಲು ಸರಿಸಿ ಟೀಚರಮ್ಮ ದಾರಿ ಬಿಟ್ಟಳು.