ನಮ್ಮ ಮಾತು ಆಡುವವರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಬಿಡದೆ ಇಲ್ಲಿಗೆ ಕರೆತಂದ ಗ್ರಂಥಾಲಯದ ಹಿರಿಯರೇ, ಕೆಲಸ ಬಿಟ್ಟು ಬಂದಿರುವ ಸಭಿಕರೇ,

ಕೂದಲು ಕತ್ತರಿಸುವವಳ ಕೈಗೆ ಮೈಕು ಕೊಟ್ಟಿದ್ದೀರಿ. ಜನರ ಬೆನ್ನ ಹಿಂದೆ ನಿಂತು ಮಾತಾಡಿ ಅಭ್ಯಾಸ ನನಗೆ, ಎದುರು ನಿಂತು ಅಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆನ್‌ಲೈನ್ ದ್ವೇಷದ ವಿರುದ್ಧ ಹೋರಾಡಿದವಳು ಎಂದು ನನ್ನನ್ನು ಪರಿಚಯಿಸಿದರು. ಹೋರಾಟವೆಂದರೇನು? ನಡೆದದ್ದು ಇಷ್ಟೇ.

ಅಂಗಡಿ ನನ್ನೊಬ್ಬಳದಲ್ಲ, ನನ್ನದೂ ಅಕ್ಕನದೂ. ನಮ್ಮದು ಡೇರೆ ಹೊತ್ತು ಊರೂರು ಅಲೆದ ಜನ. ಅಜ್ಜನ ಕಾಲಕ್ಕೆ ಇಲ್ಲಿ ನೆಲೆ ನಿಂತೆವು. ಕತ್ತರಿ ಆಡಿಸುತ್ತಾ ನಾವಿಬ್ಬರೂ ಊರಿನವರಿಗೆ ತಿಳಿಯದ ನಮ್ಮ ಮಾತಿನಲ್ಲೇ ಹರಟುತ್ತಿದ್ದೆವು. ತಮ್ಮ ಬೋಳುತಲೆಯನ್ನೇ ಆಡಿಕೊಳ್ಳುತ್ತಿದ್ದಾರೆಂದು ಗಿರಾಕಿಗಳಿಗೆ ಗುಮಾನಿ. ಕೆಲವೊಮ್ಮೆ ಅದು ನಿಜವೂ ಹೌದು.

ಒಂದು ದಿನ ಅಕ್ಕ ಮೊಮ್ಮಗಳನ್ನು ಎತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಮಗು ಹಠ ಹಿಡಿದು ಅಳುತ್ತಿತ್ತು. ಅಕ್ಕ ಕಪ್ಪು, ಮಗುವಿಗೆ ಅದರ ಅಪ್ಪನ ಬಿಳಿ ಬಣ್ಣ. ಯಾರೋ ವಿಡಿಯೊ ಮಾಡಿ, ‘ಅಲೆಮಾರಿ ಹೆಂಗಸು, ಕದ್ದ ಮಗು’ ಎಂದು ಬರೆದು ಹರಿಯಬಿಟ್ಟರು. ಸಂಜೆಯೊಳಗೆ ಊರಿನ ಫೋನುಗಳಲ್ಲೆಲ್ಲ ಅಕ್ಕನ ಮುಖ. ಅದರ ಕೆಳಗೆ ಜನ ಬರೆದದ್ದನ್ನು ಈ ಸಭೆಯಲ್ಲಿ ಹೇಳಲಾರೆ. ಬರೆದವರಲ್ಲಿ ನಮ್ಮ ಗಿರಾಕಿಗಳೂ ಇದ್ದರು. ಮರುದಿನ ಅಂಗಡಿಯ ಗಾಜಿಗೆ ಕಲ್ಲು ಬಿತ್ತು. ಮಗಳು, ಅಳಿಯ, ಮಗುವನ್ನು ಕಟ್ಟಿಕೊಂಡು ಅಕ್ಕ ಊರು ಬಿಟ್ಟಳು.

ನಾನು ಉಳಿದೆ. ಬೈದವರಿಗೆ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಾ ಕೂತೆ: ಅದು ಅವಳ ಸ್ವಂತ ಮೊಮ್ಮಗಳು, ನಾನು ಅವಳ ತಂಗಿ. ನನಗೂ ಬೈಗುಳ ಬಂತು. ಆಮೇಲೆ ಹೆರಿಗೆ ಮಾಡಿಸಿದ ನರ್ಸಮ್ಮ ತಮ್ಮ ಹೆಸರು ಹಾಕಿಯೇ ಬರೆದರು: “ಈ ಮಗೂನ ಮೊದಲು ಎತ್ತಿಕೊಂಡವಳು ನಾನು. ಎರಡನೆಯವಳು ಆ ಅಜ್ಜಿ.”

ಅಲ್ಲಿಂದ ಗಾಳಿ ತಿರುಗಿತು. ಗ್ರಂಥಾಲಯದ ಈ ಹಿರಿಯರು ಬಂದರು, ಎದುರಂಗಡಿಯ ದರ್ಜಿ ಬಂದರು. ಎಲ್ಲ ಸೇರಿ ದೂರು ಕೊಟ್ಟು ವಿಡಿಯೊ ತೆಗೆಸಿದೆವು. ಈಗ ಯಾರ ಮೇಲೆ ಇಂಥದ್ದು ಬಂದರೂ ನನ್ನ ಅಂಗಡಿಯಲ್ಲೇ ಕೂತು ಉತ್ತರ ಬರೆಯುತ್ತೇವೆ. ಗೆದ್ದಿರೆಂದು ನೀವು ಚಪ್ಪಾಳೆ ತಟ್ಟಿದಿರಿ. ಗೆದ್ದೆವೇ?

ಎಲ್ಲ ಸರಿಹೋಯಿತು, ಬಾ ಎಂದು ಅಕ್ಕನಿಗೆ ಫೋನ್ ಮಾಡಿದೆ.

“ಇಲ್ಲಿ ನಾವು ಯಾರು ಅಂತ ಯಾರಿಗೂ ಗೊತ್ತಿಲ್ಲ ಕಣೇ. ಬೀದೀಲಿ ನಮ್ಮ ಮಾತು ಆಡಬೇಡ ಅಂತ ಮಗೂಗೆ ಹೇಳಿಕೊಟ್ಟೆ. ಈಗ ಅದು ಮನೇಲೂ ಆಡಲ್ಲ.”

ಅದನ್ನೂ ಅವಳು ನಿಮ್ಮ ಮಾತಿನಲ್ಲೇ ಹೇಳಿದಳು.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನಿಂತು ಒಬ್ಬಳೇ ನಮ್ಮ ಮಾತು ಆಡುತ್ತೇನೆ. ಕೆಲವು ಪದಗಳು ಥಟ್ಟನೆ ಬರುವುದಿಲ್ಲ. ಅಕ್ಕ ಬಂದು ಬೈದರೂ ಸಾಕಿತ್ತು, ಆ ಮಾತಿನಲ್ಲಿ ಬೈದರೆ.

ಕರೆದು ಕೂರಿಸಿ ಗೌರವಿಸಿದ್ದೀರಿ, ನಿಮ್ಮ ಋಣ ದೊಡ್ಡದು. ನಮಸ್ಕಾರಕ್ಕೆ ನಮ್ಮಲ್ಲೂ ಒಂದು ಪದವಿದೆ. ಒಬ್ಬರು ಅಂದರೆ ಎದುರಿನವರು ತಿರುಗಿ ಅನ್ನಬೇಕು, ಆಗಲೇ ಅದು ಪೂರ್ತಿ. ಇಲ್ಲಿ ತಿರುಗಿ ಅನ್ನುವವರಿಲ್ಲ. ಅದಕ್ಕೆ ನಿಮ್ಮದೇ ಮಾತಿನಲ್ಲಿ ಹೇಳಿ ಇಳಿಯುತ್ತೇನೆ.

ನಮಸ್ಕಾರ.