ಪರೀಕ್ಷೆಯ ನಡುವೆ ಮೂಕವಾದ ಕಂಪ್ಯೂಟರುಗಳು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಇಬ್ಬರಿಗೂ ಅಂಧ ಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವೆಂದು ಮಾತಿನಿಂದಲೇ ತಿಳಿಯಿತು.

"ಪರದೆ ಓದಿ ಹೇಳೋ ಸಾಫ್ಟ್‌ವೇರನ್ನ ಒಂದು ಕಡೆ ತಯಾರು ಮಾಡು, ಎಲ್ಲಾ ಕಂಪ್ಯೂಟರಿಗೂ ಹಂಚು ಅಂದಿದ್ದು ನೀನೇ ಅಲ್ವೇನಕ್ಕಾ?"

"ಹಂಚು ಅಂದೆ. ಬೇರೆ ಒಂದರಲ್ಲಾದರೂ ಹಾಕಿ ನೋಡದೆ ಹಂಚು ಅಂದ್ನಾ?"

"ನನ್ನದರಲ್ಲಿ ಚೆನ್ನಾಗೇ ಓದಿ ಹೇಳ್ತಿತ್ತು."

"ನಿನ್ನದರಲ್ಲಿ ಹಳೇ ಧ್ವನಿ ಫೈಲು ಉಳಿದಿತ್ತು, ಓದ್ತು. ನೀನು ಎಲ್ಲಕ್ಕೂ ಕಳಿಸಿದ್ರಲ್ಲಿ ಅದೇ ಇರ್ಲಿಲ್ಲ. ಪರೀಕ್ಷೆ ನಡೀತಿರೋವಾಗ ಅಷ್ಟೂ ಕಂಪ್ಯೂಟರು ಮೂಕಾದ್ವು."

"ತಪ್ಪಾಯ್ತು ಅಂದ್ನಲ್ಲ!"

"ನನಗಂದೆ. ಮೊದಲ ಸಾಲಿನ ಆ ಹುಡುಗಿ ತನ್ನ ಕಿವೀನೇ ಕೆಟ್ಟೋಯ್ತು ಅಂತ ಅಳ್ತಾ ಕೂತಿದ್ಲು. ಅವಳಿಗೆ ಅಂದ್ಯಾ?"

ತಮ್ಮ ಮುಖ ತಿರುಗಿಸಿದ.

"ಇನ್ಮೇಲೆ ನಿನ್ನ ಕಂಪ್ಯೂಟರಿಂದ ಬೇರೆ ಯಾವುದಕ್ಕೂ ಏನೂ ಹೋಗಲ್ಲ. ಬೆಳಿಗ್ಗೇನೇ ದಾರಿ ಮುಚ್ಚಿದೀನಿ."

"ನನ್ನನ್ನ ಒಂದು ಮಾತು ಕೇಳದೆ?"

"ಕಳಿಸೋವಾಗ ನೀನು ಯಾರನ್ನ ಕೇಳ್ದೆ?"

"ಮನೇಲೂ ನಿಂದೇ ದರ್ಬಾರು, ಶಾಲೇಲೂ ನಿಂದೇ!"

"ಮಾಡೋದು ಇಂಥ ಕೆಲಸ, ಜೊತೆಗೆ ರೋಷ ಬೇರೆ."

ಬಸ್ಸು ಬಂದು ನಿಂತಿತು. ಅಕ್ಕ ಮೆಟ್ಟಿಲು ಹತ್ತಿದಳು. ತಮ್ಮ ಸಾಲಿನಿಂದ ಆಚೆ ಸರಿದು ನಿಂತ. ಅಲ್ಲಿಂದಲೇ ಕೂಗಿದ.

"ಆ ಹುಡುಗಿ ಹೆಸರೇನು?"

"ಎರಡು ವರ್ಷದಿಂದ ದಿನಾ ನಿನಗೆ ನಮಸ್ಕಾರ ಸಾರ್ ಅಂತಾಳಲ್ಲೋ. ಹೆಸರೂ ಗೊತ್ತಿಲ್ವಾ?"

ಹೆಸರು ಹೇಳದೆಯೇ ಅವಳು ಒಳಗೆ ಹೋದಳು. ಅವನು ಬಂದ ದಾರಿಯಲ್ಲೇ, ಶಾಲೆಯ ಕಡೆಗೆ ನಡೆದ.