ಕಣ್ಣು ತೊಳೆದವರು ಯಾರು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಮೈಕ್ರೋಸ್ಕೋಪ್ ಲ್ಯಾಬಿನ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಳ ಒಂದು ಕಣ್ಣಿಗೆ ಪಟ್ಟಿ ಹಾಕಿತ್ತು.

“ಅಕ್ಕಾ, ಗಾಗಲ್ಸ್ ಹಾಕದೆ ಆ ಕಣ್ಣು ಸುಡೋ ಫಾರ್ಮಲಿನ್ ಬಾಟ್ಲಿ ಯಾಕೆ ತೆಗೆದ್ರಿ? ಸಿಡೀತಲ್ಲ ಕಣ್ಣಿಗೆ.”

“ನಿನಗಿಂತ ಮೊದ್ಲು ಸ್ಲೈಡ್ ಮುಗಿಸ್ಬೇಕಿತ್ತು. ಮೇಡಂ ದಿನಾ ನಿನ್ನನ್ನೇ ಹೊಗಳ್ತಾರೆ. ಹೊಟ್ಟೆ ಉರೀತಿತ್ತು ಕಣೇ.”

“ನನಗೆ ಕೆಲ್ಸ ಕಲಿಸಿದ್ದೇ ನೀವಲ್ವಾ?”

“ಅದಕ್ಕೇ ಇನ್ನೂ ಜಾಸ್ತಿ ಉರಿಯೋದು.”

ಕಿರಿಯಳು ಅವಳ ಪಟ್ಟಿಯ ಅಂಚು ಸರಿಮಾಡಿದಳು.

“ಡಾಕ್ಟ್ರು ಏನಂದ್ರು?”

“ಕಣ್ಣು ಉಳೀತಂತೆ. ಹದಿನೈದು ನಿಮಿಷ ಬಿಡದೆ ನೀರು ಹಾಕಿ ತೊಳೆದವ್ರು ಯಾರು, ಭೇಷ್ ಅಂದ್ರು.”

“ನೀವೇನಂದ್ರಿ?”

“ನಾನೇ ತೊಳ್ಕೊಂಡೆ ಅಂದ್ಬಿಟ್ಟೆ.”

ಕಿರಿಯಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ನರ್ಸ್ ಮತ್ತೆ ಕರೆದಳು. ಹಿರಿಯಳು ಎದ್ದು ಅವಳ ಕೈ ಹಿಡಿದಳು.

“ನೀನೂ ಒಳಗೆ ಬಾ, ನಿಜ ಹೇಳ್ತೀನಿ. ಆದ್ರೆ ತುಂಬ ಬೀಗ್ಬೇಡ.”